ಮೂರು ಆನರ್ ಸೊಸೈಟಿಗಳ ಒಳಗಿದ್ದು ನೋಡಿದ ಮೇಲೆ

ಅಮೆರಿಕಕ್ಕೆ ಓದಲು ಬಂದ ನಮ್ಮ ಕಡೆಯ ಹುಡುಗ ಹುಡುಗಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಅಕ್ಕಾ, ಯಾವುದೋ ಆನರ್ ಸೊಸೈಟಿಯಿಂದ ಮೇಲ್ ಬಂದಿದೆ, ದುಡ್ಡು ಕಟ್ಟಿ ಸೇರ್ಲಾ, ಬೇಡ್ವಾ?" ಚೆನ್ನಾಗಿ ಓದುವ ವಿದ್ಯಾರ್ಥಿಗಳನ್ನು ಆರಿಸಿ ಗೌರವಿಸುವ ಸಂಘಗಳಿಗೆ ಇಲ್ಲಿ ಆನರ್ ಸೊಸೈಟಿ ಅನ್ನುತ್ತಾರೆ. ಯಾವ ಸೊಸೈಟಿ ಅನ್ನೋದರ ಮೇಲೆ ನನ್ನ ಉತ್ತರ ಬದಲಾಗುತ್ತದೆ. ನಾನು ಎಚ್‌-4 ವೀಸಾದಲ್ಲಿ, ಅಂದರೆ ಇಲ್ಲಿ ಕೆಲಸ ಮಾಡುವವರ ಕುಟುಂಬಕ್ಕೆ ಸಿಗುವ ವೀಸಾದಲ್ಲಿ, ಟೆಕ್ಸಾಸ್‌ಗೆ ಬಂದವಳು. ಮೊದಲು ಎರಡು ವರ್ಷದ ಕಮ್ಯುನಿಟಿ ಕಾಲೇಜು, ಆಮೇಲೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಿ ಎಂಜಿನಿಯರಿಂಗ್. ಈ ದಾರಿಯಲ್ಲಿ ಮೂರು ಸೊಸೈಟಿಗಳ ಸದಸ್ಯೆಯಾದೆ: ಫೈ ಥೀಟಾ ಕಪ್ಪಾ, ಟಾವ್ ಬೀಟಾ ಪೈ, ಫೈ ಕಪ್ಪಾ ಫೈ. ಹೆಸರು ಕೇಳಿದರೆ ಎಲ್ಲಾ ಒಂದೇ ತರಹ ಅನ್ನಿಸುತ್ತೆ. ಒಳಗೆ ಹೋದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಸೇರುವುದು ಎಷ್ಟು ಕಷ್ಟ ಅಂತ ನೋಡಿದರೆ ಫೈ ಕಪ್ಪಾ ಫೈ ಎಲ್ಲಕ್ಕಿಂತ ಮೇಲಿದೆ. ಪದವಿಯ ಮೂರನೇ ವರ್ಷದವರಾದರೆ ಮೇಲಿನ ಶೇ 7.5ರೊಳಗೆ ಇರಬೇಕು. ಕೊನೆಯ ವರ್ಷದವರು, ಎಂಎಸ್ ಮಾಡುವವರು ಮೇಲಿನ ಶೇ 10ರೊಳಗೆ. ಟಾವ್ ಬೀಟಾ ಪೈ ಎಂಜಿನಿಯರಿಂಗ್‌ನವರಿಗೆ ಮಾತ್ರ. ಮೂರನೇ ವರ್ಷದವರಲ್ಲಿ ಎಂಟನೇ ಒಂದು ಭಾಗ, ಕೊನೆಯ ವರ್ಷದವರಲ್ಲಿ ಐದನೇ ಒಂದು ಭಾಗ ಅರ್ಹರು. ಫೈ ಥೀಟಾ ಕಪ್ಪಾ ಎರಡು ವರ್ಷದ ಕಾಲೇಜಿನವರದ್ದು. 12 ಕ್ರೆಡಿಟ್ (ಓದಿ ಮುಗಿಸಿದ ಕೋರ್ಸುಗಳ ಲೆಕ್ಕ) ಮುಗಿಸಿ ಸಾಮಾನ್ಯವಾಗಿ 4ಕ್ಕೆ 3.5 ಜಿಪಿಎ (ಸರಾಸರಿ ಅಂಕ) ಇದ್ದರೆ ಸಾಕು. ಆದರೆ ನನ್ನನ್ನು ಯಾವುದು ಬೆಳೆಸಿತು ಅಂತ ಕೇಳಿದರೆ ನಾನು ಈ ಪಟ್ಟಿಯನ್ನು ಪೂರ್ತಿ ತಲೆಕೆಳಗು ಮಾಡುತ್ತೇನೆ.

ಇವು ಯಾಕೆ ಹುಟ್ಟಿದವು ಅಂತ ತಿಳಿದರೆ ಇವುಗಳ ಗುಣ ಅರ್ಥವಾಗುತ್ತದೆ. ಎಲ್ಲಕ್ಕೂ ಹಿರಿಯದು ಫೈ ಬೀಟಾ ಕಪ್ಪಾ. 1776ರ ಡಿಸೆಂಬರ್‌ನಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಶುರುವಾಯಿತು. ಅದು ಕಲೆ ಮತ್ತು ವಿಜ್ಞಾನ ಓದುವವರಿಗೆ. ಎಂಜಿನಿಯರಿಂಗ್ ಹುಡುಗರು ಹೊರಗೆ ಉಳಿದರು. ಪೆನ್ಸಿಲ್ವೇನಿಯಾದ ಲೀಹೈ ಯೂನಿವರ್ಸಿಟಿಯಲ್ಲಿ ಗಣಿಗಾರಿಕೆ ಕಲಿಸುತ್ತಿದ್ದ ಪ್ರೊಫೆಸರ್ ಎಡ್ವರ್ಡ್ ವಿಲಿಯಮ್ಸ್ ಅವರಿಗೆ ಇದು ಸರಿ ಕಾಣಲಿಲ್ಲ. 1885ರಲ್ಲಿ ಟಾವ್ ಬೀಟಾ ಪೈ ಕಟ್ಟಿದರು. ಫೈ ಕಪ್ಪಾ ಫೈ 1897ರಲ್ಲಿ ಮೇನ್ ರಾಜ್ಯದ ಯೂನಿವರ್ಸಿಟಿಯಲ್ಲಿ ಹುಟ್ಟಿತು. ಯಾವ ವಿಷಯ ಓದಿದರೂ ಸರಿ, ಚೆನ್ನಾಗಿ ಓದಿದವರಿಗೆಲ್ಲ ಗೌರವ ಸಿಗಬೇಕು ಅನ್ನೋದು ಅದರ ಆಸೆ. ಅದನ್ನು ಶುರು ಮಾಡಿದ ವಿದ್ಯಾರ್ಥಿ ಮಾರ್ಕಸ್ ಯುರಾನ್. ಇದೇ ಯುರಾನ್ ಮುಂದೆ ಕ್ರ್ಯಾನ್‌ಬೆರಿ ಬೆಳೆಗಾರರಾಗಿ, 1930ರಲ್ಲಿ ಓಷನ್ ಸ್ಪ್ರೇ ಅನ್ನೋ ಬೆಳೆಗಾರರ ಸಹಕಾರ ಸಂಘ ಕಟ್ಟಿದವರಲ್ಲಿ ಒಬ್ಬರಾದರು. ಅಂಗಡಿಯಲ್ಲಿ ಆ ಜ್ಯೂಸ್ ಬಾಟಲಿ ಕಂಡಾಗಲೆಲ್ಲ ನನಗೆ ಈ ವಿಷಯ ನೆನಪಾಗುತ್ತೆ.

ಫೈ ಥೀಟಾ ಕಪ್ಪಾದ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಅದು ಪೂರ್ತಿ ಒಂದು ಪ್ರದೇಶದ ಕೂಸು. 1918ರ ನವೆಂಬರ್‌ನಲ್ಲಿ ಮಿಸ್ಸೌರಿ ರಾಜ್ಯದ ಎರಡು ವರ್ಷದ ಕಾಲೇಜುಗಳ ಮುಖ್ಯಸ್ಥರು ಕೊಲಂಬಿಯಾ ಊರಿನ ಸ್ಟೀಫನ್ಸ್ ಕಾಲೇಜಿನಲ್ಲಿ ಸೇರಿದರು. ಇವು ಹೆಣ್ಣುಮಕ್ಕಳು ಓದುತ್ತಿದ್ದ ಕಾಲೇಜುಗಳು. ನಾಲ್ಕು ವರ್ಷದ ಕಾಲೇಜಿನವರಿಗೆ ಇರುವ ಗೌರವ ನಮ್ಮ ಹುಡುಗಿಯರಿಗೂ ಬೇಕು ಅಂತ ಅಲ್ಲಿ ತೀರ್ಮಾನವಾಯಿತು. 1929ರಲ್ಲಿ ಜೂನಿಯರ್ ಕಾಲೇಜುಗಳ, ಅಂದರೆ ಎರಡು ವರ್ಷದ ಕಾಲೇಜುಗಳ, ರಾಷ್ಟ್ರೀಯ ಸಂಘ ಇದನ್ನೇ ಅಧಿಕೃತ ಆನರ್ ಸೊಸೈಟಿ ಅಂತ ಒಪ್ಪಿಕೊಂಡಿತು. ಈಗ ಅದರ ಕೇಂದ್ರ ಕಚೇರಿ ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿದೆ. ಇಷ್ಟು ದೊಡ್ಡದಾದರೂ ಅದು ತನ್ನ ಪ್ರಾದೇಶಿಕ ಮೂಲ ಬಿಟ್ಟಿಲ್ಲ. ಕಾಲೇಜಿನ ಚಾಪ್ಟರ್ (ಶಾಖೆ) ಮತ್ತು ಕೇಂದ್ರದ ನಡುವೆ ರೀಜನ್ ಅಂತ ಒಂದು ಹಂತ ಇದೆ. ನನ್ನದು ಟೆಕ್ಸಾಸ್ ರೀಜನ್. ರೀಜನ್‌ಗೆ ವಿದ್ಯಾರ್ಥಿಗಳೇ ಪದಾಧಿಕಾರಿಗಳು. ಚುನಾವಣೆ ಇದೆ, ಸಮಾವೇಶ ಇದೆ, ಬಹುಮಾನ ಇದೆ. ಈ ಸೊಸೈಟಿಯ ಜೀವ ಇರುವುದು ಈ ರೀಜನ್‌ನಲ್ಲೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕೆಲಸ ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ. ಪ್ರತಿ ಚಾಪ್ಟರ್ ಮುಂದೆ ಎರಡು ದೊಡ್ಡ ಕೆಲಸಗಳಿರುತ್ತವೆ. ಒಂದು ಆನರ್ಸ್ ಇನ್ ಆ್ಯಕ್ಷನ್. ಕೇಂದ್ರದವರು ಒಂದು ವಿಷಯ ಕೊಡುತ್ತಾರೆ. ಅದರ ಮೇಲೆ ಓದಿ, ಸಂಶೋಧನೆ ಮಾಡಿ, ಆ ಓದಿನಿಂದಲೇ ಊರಿಗೆ ಅಥವಾ ಕಾಲೇಜಿಗೆ ಉಪಯೋಗವಾಗುವ ಕೆಲಸ ಮಾಡಬೇಕು. ಇನ್ನೊಂದು ಕಾಲೇಜ್ ಪ್ರಾಜೆಕ್ಟ್. ಕಾಲೇಜಿನ ಅಧ್ಯಕ್ಷರ ಜೊತೆ ಕೂತು ಮಾತಾಡಿ, ಕಾಲೇಜಿಗೆ ಏನು ಬೇಕು ಅಂತ ಕೇಳಿ, ಅದನ್ನು ಮಾಡಿ ತೋರಿಸಬೇಕು. ಎರಡಕ್ಕೂ ವಿವರವಾದ ವರದಿ ಬರೆಯಬೇಕು. ಹತ್ತಿರದಲ್ಲಿ ಯಾರೂ ಗೊತ್ತಿಲ್ಲದ ಊರಿನಲ್ಲಿ, ಇಂಗ್ಲಿಷ್ ಮಾತಾಡಲು ಇನ್ನೂ ಹಿಂಜರಿಯುತ್ತಿದ್ದ ನಾನು ಕಾಲೇಜಿನ ಅಧ್ಯಕ್ಷರ ಎದುರು ಕೂತು ಮಾತಾಡುವಂತಾಯಿತು.

ನಮ್ಮ ಚಾಪ್ಟರ್ ಕೈಗೆತ್ತಿಕೊಂಡದ್ದು ಫುಡ್ ಪ್ಯಾಂಟ್ರಿ ವಿಷಯ. ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೆ ಅಕ್ಕಿ, ಬೀನ್ಸ್ ಡಬ್ಬಿ, ಹಾಲಿನ ಪುಡಿ ಕೊಡುವ ಕೋಣೆ ಅದು. ಅದರ ಬಾಗಿಲು ಸಂಜೆ 5ಕ್ಕೆ ಮುಚ್ಚುತ್ತಿತ್ತು. ಹಗಲು ದುಡಿದು ರಾತ್ರಿ ಕ್ಲಾಸಿಗೆ ಬರುವವರು ಕಾಲೇಜಿಗೆ ಕಾಲಿಡುವುದೇ 6ಕ್ಕೆ. ನಿಜವಾಗಿ ಬೇಕಾದವರಿಗೆ ಅದು ತೆರೆದೇ ಇರಲಿಲ್ಲ. ನಾವು ರಾತ್ರಿ ಕ್ಲಾಸ್‌ಗಳ ಬಾಗಿಲಲ್ಲಿ ನಿಂತು ಚಿಕ್ಕ ಸರ್ವೆ ಮಾಡಿದೆವು. ಒಬ್ಬ ತಾಯಿ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ಫಾರ್ಮ್ ತುಂಬಿದರು. "ಇಂಥದ್ದೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ" ಅಂದರು. ಆ ಕಾಗದಗಳನ್ನು ಎಕ್ಸೆಲ್‌ಗೆ ಹಾಕಿ, ಓದಿದ ಸಂಶೋಧನೆಗಳ ಜೊತೆ ಜೋಡಿಸಿ, ಅಧ್ಯಕ್ಷರ ಮುಂದೆ ಇಟ್ಟೆವು. ವಾರದಲ್ಲಿ ಕೆಲವು ದಿನ ರಾತ್ರಿಯೂ ತೆರೆಯಲು ಕಾಲೇಜು ಒಪ್ಪಿತು. ಪಾಳಿ ಹಾಕಿಕೊಂಡು ಕೂರುವ ಕೆಲಸ ನಮ್ಮದಾಯಿತು.

ಆಮೇಲೆ ರೀಜನ್ ಸಮಾವೇಶ. ಒಂದು ಹೋಟೆಲ್ಲಿನ ಹಾಲ್ ತುಂಬ ಬೇರೆ ಬೇರೆ ಊರಿನ ಕಮ್ಯುನಿಟಿ ಕಾಲೇಜಿನವರು. ಎಲ್ ಪಾಸೋದವರು, ಹ್ಯೂಸ್ಟನ್‌ನವರು, ನಾನು ಹೆಸರೇ ಕೇಳಿರದ ಸಣ್ಣ ಊರಿನವರು. ಸೈನ್ಯದಿಂದ ಬಂದು ಓದುತ್ತಿರುವವರು, ಮೊಮ್ಮಕ್ಕಳಿರುವ ಅಜ್ಜಿಯರು, ಹೈಸ್ಕೂಲ್ ಈಗಷ್ಟೇ ಮುಗಿಸಿದ ಮಕ್ಕಳು, ಎಲ್ಲರೂ ಒಂದೇ ಮೇಜಿನಲ್ಲಿ. ಬೇರೆ ಚಾಪ್ಟರಿನವರು ನಮ್ಮ ವರದಿ ಕೇಳಿ ಇಸ್ಕೊಂಡು ಹೋದರು. ತಮ್ಮ ಕಾಲೇಜಿನಲ್ಲೂ ಇದೇ ತೊಂದರೆ ಇದೆ ಅಂದರು. ಒಂದು ಕಾಲೇಜಿನಲ್ಲಿ ಆದ ಒಳ್ಳೆಯ ಕೆಲಸ ಪಕ್ಕದ ಊರಿಗೆ ಹರಡುವುದು ಹೀಗೆ. ರೀಜನ್ ಇಲ್ಲದಿದ್ದರೆ ನಮ್ಮ ಕೆಲಸ ನಮ್ಮ ಕ್ಯಾಂಪಸ್‌ನ ಗೋಡೆಯೊಳಗೇ ಉಳಿಯುತ್ತಿತ್ತು, ಅಲ್ವಾ?

ಟಾವ್ ಬೀಟಾ ಪೈ ನನ್ನ ಲೆಕ್ಕದಲ್ಲಿ ಎರಡನೆಯದು. ಇಲ್ಲಿ ಅಂಕ ಇದ್ದರೆ ಸಾಲದು, ಈಗಿರುವ ಸದಸ್ಯರು ನಡತೆಯನ್ನೂ ನೋಡಿ ಆರಿಸುತ್ತಾರೆ. ಇದರ ಗುರುತು ಬೆಂಟ್ ಅನ್ನೋ ಲೋಹದ ತುಂಡು. ಸೇತುವೆ, ಗಣಿಗಳಲ್ಲಿ ಭಾರ ಹೊರುವ ಕಂಬದ ಚೌಕಟ್ಟಿನ ಆಕಾರ. ನಮ್ಮ ಚಾಪ್ಟರಿನಲ್ಲಿ ಹೊಸಬರ ಕೈಗೆ ಒರಟು ಹಿತ್ತಾಳೆಯ ಬೆಂಟ್ ಕೊಡುತ್ತಾರೆ. ಮೊದಲು ಅರ, ಆಮೇಲೆ ಒರಟು ಮರಳು ಕಾಗದ, ಆಮೇಲೆ ನಯವಾದದ್ದು, ಕೊನೆಗೆ ಪಾಲಿಶ್. ಬೆರಳೆಲ್ಲ ಕಪ್ಪು, ಹಿತ್ತಾಳೆ ವಾಸನೆ ಕೈ ಬಿಡುವುದಿಲ್ಲ. ಮುಖ ಕಾಣುವಷ್ಟು ಹೊಳೆಯುವವರೆಗೂ ಉಜ್ಜಬೇಕು. ನಾನು ಇದನ್ನು ತುಂಬ ಪ್ರೀತಿಯಿಂದ ಮಾಡಿದೆ. ಉಜ್ಜುತ್ತಾ ಕೂತಾಗಲೇ ಸೀನಿಯರ್‌ಗಳ ಪರಿಚಯವಾಯಿತು, ಇಂಟರ್ನ್‌ಶಿಪ್ ಇಂಟರ್‌ವ್ಯೂಗಳಲ್ಲಿ ಏನು ಕೇಳುತ್ತಾರೆ ಅನ್ನೋದು ಅಲ್ಲೇ ತಿಳಿಯಿತು. ಶಾಲೆ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುವ ಮೈಂಡ್‌ಸೆಟ್ ಅನ್ನೋ ಕಾರ್ಯಕ್ರಮವೂ ಈ ಸೊಸೈಟಿಗಿದೆ. ಎಂಜಿನಿಯರಿಂಗ್ ಕೆಲಸ ಹುಡುಕುವವರಿಗೆ ರೆಸ್ಯೂಮೆಯಲ್ಲಿ ಈ ಹೆಸರಿಗೆ ನಿಜವಾದ ತೂಕ ಇದೆ. ಆದರೆ ಇಲ್ಲಿ ಎಲ್ಲರೂ ಒಂದೇ ವಯಸ್ಸಿನವರು, ಒಂದೇ ಕಟ್ಟಡದವರು. ಕಮ್ಯುನಿಟಿ ಕಾಲೇಜಿನ ಆ ವೈವಿಧ್ಯ ಇಲ್ಲಿ ಸಿಗುವುದಿಲ್ಲ.

ಫೈ ಕಪ್ಪಾ ಫೈ ಬಗ್ಗೆ ಹೇಳುವುದು ಕಡಿಮೆ. ನಮ್ಮಲ್ಲಿ ಸಮಾಜದವರು, ಸಂಘದವರು ಮಾಡುವ ಪ್ರತಿಭಾ ಪುರಸ್ಕಾರದಂತೆ ಅದು. ಹೆಸರು ಕರೆಯುತ್ತಾರೆ, ವೇದಿಕೆ ಹತ್ತುತ್ತೀರಿ, ಫೋಟೋ ತೆಗೆಯುತ್ತಾರೆ. ಊರಿಗೆ ಆ ಫೋಟೋ ಕಳಿಸಿದಾಗ ಅಪ್ಪ ಅಮ್ಮನಿಗೆ ಆದ ಸಂತೋಷವನ್ನು ನಾನು ಸಣ್ಣದು ಅನ್ನುವುದಿಲ್ಲ. ಈ ಸೊಸೈಟಿಯ ಉದ್ದೇಶವೇ ಗೌರವಿಸುವುದು. ದಿನನಿತ್ಯದ ಕೆಲಸವನ್ನು ಅದು ಸದಸ್ಯರಿಂದ ಕೇಳುವುದಿಲ್ಲ. ಆದರೆ ಮುಂದೆ ಎಂಎಸ್, ಪಿಎಚ್‌ಡಿ, ಕಾನೂನು, ವೈದ್ಯಕೀಯ ಓದುವವರು ಇದನ್ನು ಬಿಡಬಾರದು. 1932ರಿಂದ ಫೆಲೋಶಿಪ್ ಕೊಡುತ್ತಾ ಬಂದಿದ್ದಾರೆ. ಅದಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ ಕಣ್ಣು ಮುಚ್ಚಿ ಸೇರಿ.

ದುಡ್ಡಿನ ವಿಷಯ. ಒಂದೇ ಸಂಬಳದ ಮನೆಯಲ್ಲಿ ಇದು ದೊಡ್ಡದೇ. ಫೈ ಥೀಟಾ ಕಪ್ಪಾ ಮತ್ತು ಟಾವ್ ಬೀಟಾ ಪೈಗೆ ಸೇರುವಾಗ ಒಮ್ಮೆ ಕಟ್ಟಿದರೆ ಸದಸ್ಯತ್ವ ಜೀವನ ಪೂರ್ತಿ. ಫೈ ಥೀಟಾ ಕಪ್ಪಾದಲ್ಲಿ ರೀಜನ್ ಮತ್ತು ಚಾಪ್ಟರಿನ ಪಾಲು ಸೇರುವುದರಿಂದ ಕಾಲೇಜಿನಿಂದ ಕಾಲೇಜಿಗೆ ಮೊತ್ತ ಬೇರೆ. ಫೈ ಕಪ್ಪಾ ಫೈನಲ್ಲಿ ಸಕ್ರಿಯ ಸದಸ್ಯರಾಗಿ ಉಳಿಯಬೇಕಾದರೆ ನವೀಕರಿಸುತ್ತಾ ಹೋಗಬೇಕು. ಈ ಮೂರಲ್ಲದೆ ನನಗೆ ಇನ್ನೊಂದು ಸೊಸೈಟಿಯಿಂದಲೂ ಮೇಲ್ ಮೇಲೆ ಮೇಲ್ ಬರುತ್ತಿತ್ತು. ನಮ್ಮ ಕ್ಯಾಂಪಸ್‌ನಲ್ಲಿ ಅದರ ಚಾಪ್ಟರೂ ಇರಲಿಲ್ಲ, ಅಡ್ವೈಸರೂ ಇರಲಿಲ್ಲ. ಶುಲ್ಕ ಮಾತ್ರ ಇತ್ತು. ಅಂಥದ್ದಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ನಿಮ್ಮ ಕಾಲೇಜಿನ ಯಾವ ಪ್ರೊಫೆಸರ್ ಇದರ ಅಡ್ವೈಸರ್ ಅಂತ ಕೇಳಿ. ಹೆಸರು ಬಂದರೆ ಹೋಗಿ ಮಾತಾಡಿ, ಬರದಿದ್ದರೆ ಬಿಟ್ಟುಬಿಡಿ.

ಎಚ್‌-4ರಲ್ಲಿ ಇರುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ನಮಗೆ ಇಲ್ಲಿನ ಸರ್ಕಾರದ ಫೆಡರಲ್ ನೆರವು ಸಿಗುವುದಿಲ್ಲ. ಆದರೆ ಅನೇಕ ಯೂನಿವರ್ಸಿಟಿಗಳು ಫೈ ಥೀಟಾ ಕಪ್ಪಾ ಸದಸ್ಯರಿಗೇ ಅಂತ ಟ್ರಾನ್ಸ್‌ಫರ್ ಸ್ಕಾಲರ್‌ಶಿಪ್ ಇಟ್ಟಿವೆ. ಷರತ್ತು ಒಂದೊಂದು ಕಡೆ ಒಂದೊಂದು ತರಹ, ಪೌರತ್ವ ಕೇಳುತ್ತಾರಾ ಇಲ್ಲವಾ ಅಂತ ಮೊದಲೇ ಓದಿಕೊಳ್ಳಿ. ಅರ್ಜಿ ಹಾಕುವ ಹೊತ್ತಿಗೆ ಸದಸ್ಯತ್ವ ಕೈಯಲ್ಲಿರಬೇಕು. ಕೊನೇ ಸೆಮಿಸ್ಟರ್‌ವರೆಗೂ ಕಾಯಬೇಡಿ. 12 ಕ್ರೆಡಿಟ್ ಮುಗಿದ ತಕ್ಷಣ ಸೇರಿ, ಮುಂದಿನ ಚಾಪ್ಟರ್ ಚುನಾವಣೆಗೆ ನಿಲ್ಲಿ. ಎರಡು ವರ್ಷಕ್ಕೆ ಜನ ಬಿಟ್ಟು ಹೋಗುವ ಕಾಲೇಜುಗಳಿವು, ಪದಾಧಿಕಾರಿಗಳು ಸಿಗದೆ ಅಡ್ವೈಸರ್‌ಗಳು ಪರದಾಡುತ್ತಿರುತ್ತಾರೆ. ನಿಮ್ಮ ಕಾಲೇಜಿನ ಚಾಪ್ಟರ್ ನಿದ್ದೆ ಹೋಗಿದ್ದರೆ ರೀಜನ್‌ನ ಕೋಆರ್ಡಿನೇಟರ್‌ಗೆ ಒಂದು ಮೇಲ್ ಹಾಕಿ. ಚಾಪ್ಟರ್‌ಗಳಿಗೆ ಬೆಂಬಲವಾಗಿ ನಿಲ್ಲುವುದೇ ಅವರ ಕೆಲಸ.