ಹುಬ್ಬಳ್ಳಿಯಲ್ಲೊಂದು ಸ್ಕೋಪ್ ಜೋಡಣೆ ಸೇವೆ: ದೋಷ ಇದ್ದದ್ದು ಗಾಜಿನಲ್ಲಲ್ಲ, ಮೌಂಟಿನಲ್ಲಿ

ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಥಿಯೋಡೊಲೈಟ್, ಡಂಪಿ ಲೆವೆಲ್ ಮುಂತಾದ ಸರ್ವೇ ಉಪಕರಣಗಳನ್ನು ದುರಸ್ತಿ ಮಾಡುವ ಚಿಕ್ಕ ಕಾರ್ಯಾಗಾರವೊಂದು ಏರ್ ರೈಫಲ್‌ಗಳಿಗೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸುವ ಕೆಲಸವನ್ನೂ ಮಾಡಿಕೊಡುತ್ತದೆ. ಬಂದೂಕಿನ ಒಳಭಾಗಕ್ಕೆ ಇವರು ಕೈ ಹಾಕುವುದಿಲ್ಲ. ಸ್ಕೋಪ್ ಮತ್ತು ಅದನ್ನು ರೈಫಲ್ಲಿಗೆ ಹಿಡಿದಿಡುವ ಮೌಂಟ್ ಮಾತ್ರ ಇವರ ಕೆಲಸ.

ನನ್ನದು 4.5 ಮಿ.ಮೀ. ಪೆಲೆಟ್ ಹಾರಿಸುವ, ನಳಿಕೆಯನ್ನು ಬಗ್ಗಿಸಿ ಸ್ಪ್ರಿಂಗ್ ಏರಿಸುವ ಮಾದರಿಯ ರೈಫಲ್. ಸ್ಕೋಪ್ ಹಾಕಿದಂದಿನಿಂದ ಪೆಲೆಟ್‌ಗಳು ಗುರಿಯ ಕೆಳಗೇ ಬೀಳುತ್ತಿದ್ದವು. ಎತ್ತರದ ಟರೆಟ್ಟನ್ನು (ಗುರಿಯನ್ನು ಮೇಲೆ ಕೆಳಗೆ ಹೊಂದಿಸುವ ಸ್ಕೋಪಿನ ತಿರುಗುಗುಂಡಿ) ಹೆಚ್ಚುಕಡಿಮೆ ಕೊನೆಯವರೆಗೆ ತಿರುಗಿಸಿದಾಗ ಗುರಿಯ ಹತ್ತಿರ ಬಂದರೂ ಅವು ಒಂದೆಡೆ ಗುಂಪುಗೂಡುತ್ತಿರಲಿಲ್ಲ. ಮಾರಿದವರು ಇನ್ನೂ ದುಬಾರಿಯ ಸ್ಕೋಪ್ ಕೊಳ್ಳುವಂತೆ ಸಲಹೆ ಕೊಟ್ಟಿದ್ದರು. ಈ ಕಾರ್ಯಾಗಾರದ ಹಿರಿಯರು ರೈಫಲ್ ಕೈಗೆತ್ತಿಕೊಂಡವರೇ, "ಸ್ಕೋಪ್ ಇರ್ಲಿ ಬಿಡ್ರಿ, ಮೊದ್ಲ ಅದು ಕುಂತ ಜಾಗ ನೋಡೂಣು" ಎಂದರು.

ಮೌಂಟನ್ನು ಬಿಚ್ಚಿದಾಗ ಅದು ಕಚ್ಚಿ ಕೂರುವ, ರೈಫಲ್ ಮೇಲಿನ 11 ಮಿ.ಮೀ. ಡವ್‌ಟೇಲ್ ರೈಲಿನ ಮೇಲೆ ಉದ್ದಕ್ಕೆ ಗೀರುಗಳು ಕಾಣಿಸಿದವು; ಅಂದರೆ ಪ್ರತಿ ಹೊಡೆತಕ್ಕೂ ಮೌಂಟ್ ಸ್ವಲ್ಪ ಸ್ವಲ್ಪವೇ ಜಾರುತ್ತಿತ್ತು. ಸ್ಪ್ರಿಂಗ್ ರೈಫಲ್‌ಗಳಲ್ಲಿ ಪಿಸ್ಟನ್ ಮುಂದಕ್ಕೆ ಚಿಮ್ಮುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತನ್ನ ಓಟದ ಕೊನೆಯಲ್ಲಿ ಗಕ್ಕನೆ ನಿಂತಾಗ ಅದೇ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಈ ಎರಡು ಕಡೆಯ ಜಗ್ಗಾಟದಿಂದಲೇ ಮದ್ದಿನ ರೈಫಲ್‌ಗೆಂದು ಮಾಡಿದ ಒಳ್ಳೆಯ ಸ್ಕೋಪ್‌ಗಳೂ ಏರ್ ರೈಫಲ್ ಮೇಲೆ ಹಾಳಾಗುವುದುಂಟು. ಸ್ಕೋಪನ್ನು ಹಿಡಿದಿದ್ದ ನನ್ನ ಬಿಡಿ ರಿಂಗುಗಳ ಬದಲು ಅವರು ಒಂದೇ ತುಂಡಿನ ಮೌಂಟ್ ಹಾಕಿ, ಅದರ ತಡೆ ಪಿನ್ನನ್ನು ರೈಲಿನ ರಂಧ್ರಕ್ಕೆ ಇಳಿಸಿದರು. ಜಾರುವುದು ಅಲ್ಲಿಗೆ ನಿಂತಿತು.

ಕೆಳಗೆ ಬೀಳುವುದಕ್ಕೆ ಕಾರಣ ಬೇರೆ. ಬಗ್ಗಿಸುವ ನಳಿಕೆಯ ರೈಫಲ್‌ಗಳಲ್ಲಿ ನಳಿಕೆಯ ಮೂತಿ ತುಸು ಕೆಳಮುಖವಾಗಿರುವುದು ಸಾಮಾನ್ಯ. ಅದನ್ನು ಟರೆಟ್ಟಿನಿಂದಲೇ ಸರಿದೂಗಿಸಲು ಹೋದರೆ ಸ್ಕೋಪಿನ ಒಳಗಿನ ಸ್ಪ್ರಿಂಗ್ ಸಡಿಲಗೊಂಡು ಅಡ್ಡಗೆರೆ (ಸ್ಕೋಪಿನಲ್ಲಿ ಕಾಣುವ ಗುರಿಯ ಕೂಡುಗೆರೆ) ಸ್ಥಿರವಾಗಿ ನಿಲ್ಲುವುದಿಲ್ಲ. ಆದ್ದರಿಂದ ಅವರು ಎತ್ತರದ ಹಾಗೂ ಎಡಬಲದ ಎರಡೂ ಟರೆಟ್ಟುಗಳನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಕ್ಲಿಕ್ ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿದ ಮೇಲೆ ಹಿಂದಿನ ರಿಂಗಿನ ಕೆಳಗೆ ತೆಳುವಾದ ಪಟ್ಟಿ ಇಟ್ಟರು. ಪಟ್ಟಿ ದಪ್ಪವಾದರೆ ಸ್ಕೋಪಿನ ಕೊಳವೆಯೇ ಬಾಗೀತೆಂದೂ, ಹೆಚ್ಚು ವ್ಯತ್ಯಾಸವಿದ್ದರೆ ಇಳಿಜಾರು ಮೌಂಟೇ ಬೇಕೆಂದೂ ಮೊದಲೇ ತಿಳಿಸಿದರು.

ನನಗೆ ಬಹಳ ಮೆಚ್ಚುಗೆಯಾದದ್ದು ಅಡ್ಡಗೆರೆಯನ್ನು ನೇರಗೊಳಿಸಿದ ರೀತಿ. ರೈಫಲ್ಲನ್ನು ರಸಮಟ್ಟವಿಟ್ಟು ಸಮಗೊಳಿಸಿ, ಎದುರಿನ ಗೋಡೆಯ ಮುಂದೆ ತೂಗುಗುಂಡಿನ ದಾರ ಇಳಿಬಿಟ್ಟು, ಲಂಬಗೆರೆ ದಾರದ ಮೇಲೆ ಕೂರುವವರೆಗೆ ಸ್ಕೋಪನ್ನು ತಿರುಗಿಸಿದರು. ಕಣ್ಣಳತೆಯಲ್ಲಿ ನೇರವೆನಿಸುವ ಗೆರೆ ಎಷ್ಟೋ ಸಲ ವಾಲಿರುತ್ತದೆ, ದೂರ ಹೆಚ್ಚಿದಂತೆ ಪೆಲೆಟ್ ಪಕ್ಕಕ್ಕೆ ಸರಿಯುತ್ತದೆ. ರಿಂಗಿನ ಸ್ಕ್ರೂಗಳನ್ನು ಕರ್ಣದಂತೆ ಒಂದು ಬಿಟ್ಟು ಒಂದು, ಎರಡೂ ಬದಿಯ ಸಂದು ಸಮನಾಗಿರುವಂತೆ, ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ 2 ನ್ಯೂಟನ್ ಮೀಟರ್ ಮೀರದಂತೆ ಬಿಗಿ ಮಾಡಿದರು. ಸ್ವಂತ ಕೈಯಿಂದ ಅಲೆನ್ ಕೀ ಹಿಡಿದು ಬಿಗಿಯುವವರು ಕೊಳವೆಗೆ ತಗ್ಗು ಬೀಳಿಸುವುದು ಇಲ್ಲೇ.

ಕೊರತೆಗಳೂ ಇವೆ. ಪರೀಕ್ಷೆಗೆ ಅಲ್ಲಿರುವುದು 10 ಮೀಟರ್ ಜಾಗ ಮಾತ್ರ. ಟರೆಟ್ಟಿನ ಕಾಲು ಎಂಒಎ (ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ ಅಷ್ಟು ದೂರದಲ್ಲಿ ಸುಮಾರು 0.7 ಮಿ.ಮೀ. ಮಾತ್ರ ಸರಿಸುವುದರಿಂದ ಒಂದು ಇಂಚಿನ ವ್ಯತ್ಯಾಸಕ್ಕೆ 35 ಕ್ಲಿಕ್ ಬೇಕಾಗುತ್ತದೆ. 25 ಮೀಟರಿನ ಹೊಂದಾಣಿಕೆಯನ್ನು ಗ್ರಾಹಕನೇ ಮಾಡಿಕೊಳ್ಳಬೇಕು. ಪ್ಯಾರಲಾಕ್ಸ್ (ಗುರಿಯ ಚಿತ್ರವೂ ಅಡ್ಡಗೆರೆಯೂ ಒಂದೇ ಸಮತಲದಲ್ಲಿ ಕೂರುವ ದೂರ) 100 ಗಜಕ್ಕೆ ಸ್ಥಿರವಾಗಿರುವ ಸ್ಕೋಪ್ ಒಯ್ದರೆ ಹತ್ತಿರದ ಚಿತ್ರ ಮಸುಕಾಗಿ, ಕಣ್ಣು ಅಲುಗಿದಂತೆ ಗುರಿಯೂ ಸರಿದಂತೆ ಕಾಣುತ್ತದೆ. ಅದನ್ನು ಯಾವ ಮೌಂಟೂ ಸರಿಪಡಿಸಲಾರದು. ಇನ್ನು, 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ತಯಾರಾಗುವವರಿಗೆ ಈ ಸೇವೆಯ ಅಗತ್ಯವೇ ಇಲ್ಲ, ಅಲ್ಲಿ ಸ್ಕೋಪಿಗೆ ಅನುಮತಿಯಿಲ್ಲ.

ಮೌಂಟಿನ ಬೆಲೆ ಬಿಟ್ಟು ಕೂಲಿಯೆಂದು 600 ರೂಪಾಯಿ ಪಡೆದರು, ಕೇಳದೆಯೇ ರಸೀದಿ ಕೊಟ್ಟರು. 25.4 ಮಿ.ಮೀ. ಕೊಳವೆಗೆ ಹೊಂದುವ ಮೌಂಟ್ ಅವರ ಬಳಿ ಸಿಗುತ್ತದೆ, 30 ಮಿ.ಮೀ. ಕೊಳವೆಯ ಸ್ಕೋಪ್ ಇದ್ದವರು ಮೌಂಟನ್ನು ತಾವೇ ತರಿಸಿಕೊಂಡು ಹೋಗಬೇಕು.