ಮೀಥೈಲ್ ಗ್ರೀನ್ ತಗೊಳ್ಳುವವರೇ, ಮೊದಲು ಲೇಬಲ್ ನೋಡಿ

ಎರಡು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಶಿವಮೊಗ್ಗದಲ್ಲಿ ಲ್ಯಾಬ್‌ಗೆ ಮೀಥೈಲ್ ಗ್ರೀನ್ ಥರದ ಸ್ಟೇನ್, ಅಂದರೆ ಜೀವಕೋಶಕ್ಕೆ ಹಾಕುವ ಬಣ್ಣ, ತರುವವರು ದಯವಿಟ್ಟು ಓದಿ.

ನಾನು ಇಲ್ಲಿನ ಕಾಲೇಜೊಂದರಲ್ಲಿ ಗೆಸ್ಟ್ ಲೆಕ್ಚರರ್. ಎಂಎಸ್ಸಿ ಮಕ್ಕಳಿಗೆ ಮೀಥೈಲ್ ಗ್ರೀನ್, ಪೈರೊನಿನ್ ಎರಡೂ ಬಣ್ಣ ಸೇರಿಸಿ ಹಾಕುವ ಪ್ರಾಕ್ಟಿಕಲ್ ಇತ್ತು. ಈರುಳ್ಳಿ ಬೇರಿನ ತುದಿಯಲ್ಲಿ ಡಿಎನ್‌ಎ ನೀಲಿ-ಹಸಿರು, ಆರ್‌ಎನ್‌ಎ ಗುಲಾಬಿ ಕೆಂಪು. ಒಂದೇ ಸ್ಲೈಡಲ್ಲಿ ಎರಡೂ ಕಂಡಾಗ ಮಕ್ಕಳ ಮುಖ ಅರಳುತ್ತದೆ, ಅದಕ್ಕೇ ನನಗೆ ಆ ಪ್ರಾಕ್ಟಿಕಲ್ ಅಂದ್ರೆ ಇಷ್ಟ. ಕಾಲೇಜಿನ ದುಡ್ಡು ಬರೋದು ತಡ ಅಂತ ನನ್ನ ಕೈಯಿಂದಲೇ 2,600 ರೂಪಾಯಿ ಕೊಟ್ಟು 5 ಗ್ರಾಂ ಮೀಥೈಲ್ ಗ್ರೀನ್ ತಂದೆ. ಕಂಪನಿ ಬಾಟಲಿ ಅಲ್ಲ. ಅಂಗಡಿಯಲ್ಲೇ ತುಂಬಿಸಿ, ಮೇಲೆ ಪೆನ್ನಲ್ಲಿ ಹೆಸರು ಬರೆದದ್ದು. 'ಎಲ್ಲಾ ಕಾಲೇಜಿಗೂ ಇದೇ ಹೋಗೋದು ಮೇಡಂ' ಅಂದರು. ಪುಡಿ ಹಸಿರಾಗಿ ಮಿರಮಿರ ಹೊಳೆಯುತ್ತಿತ್ತು. ನಂಬಿಬಿಟ್ಟೆ.

ನೀರಿಗೆ ಹಾಕಿದರೆ ನೇರಳೆ! ಮೀಥೈಲ್ ಗ್ರೀನ್‌ನಲ್ಲಿ ಒಂಚೂರು ಕ್ರಿಸ್ಟಲ್ ವಯೊಲೆಟ್ ಅನ್ನೋ ನೇರಳೆ ಬಣ್ಣ ಸೇರಿರೋದು ಇದ್ದದ್ದೇ, ಕ್ಲೋರೋಫಾರ್ಮ್ ಹಾಕಿ ತೆಗೆದರಾಯ್ತು ಅಂದುಕೊಂಡೆ. ಕೆಳಗೆ ನಲ್ಲಿ ಇರುವ ಸೆಪರೇಟಿಂಗ್ ಫನೆಲ್‌ಗೆ ಸುರಿದು ಕುಲುಕಿದೆ. ನೇರಳೆ ಕ್ಲೋರೋಫಾರ್ಮ್ ಜೊತೆ ಕೆಳಗಿಳಿಯಿತು, ಬಸಿದೆ. ಮತ್ತೆ ಹಾಕಿದೆ, ಮತ್ತೆ ನೇರಳೆ. ಮತ್ತೆ. ಏಳನೇ ಸಲಕ್ಕೆ ಕ್ಲೋರೋಫಾರ್ಮ್ ತಿಳಿಯಾಯಿತು. ಮೇಲೆ ಉಳಿದದ್ದು ಬರೀ ನೀರು. ಹಸಿರಿನ ಸುಳಿವೂ ಇಲ್ಲ. ಹನ್ನೆರಡು ಮಕ್ಕಳು ಸುತ್ತ ನಿಂತಿದ್ದರು. 'ಮೇಡಂ, ಹಸಿರು ಎಲ್ಲಿ?' ಅಂತ ಒಬ್ಬಳು ಕೇಳಿದಳು. ಏನು ಹೇಳಲಿ? ಬಾಟಲಿಯಲ್ಲಿ ಇದ್ದದ್ದೇ ಪೂರ್ತಿ ಕ್ರಿಸ್ಟಲ್ ವಯೊಲೆಟ್. ಕ್ರಿಸ್ಟಲ್ ವಯೊಲೆಟ್ ಪುಡಿಯೂ ಒಣಗಿದ್ದಾಗ ಹಸಿರಾಗೇ ಹೊಳೆಯುತ್ತದೆ. ಬ್ಯಾಕ್ಟೀರಿಯಾ ಗುರುತಿಸುವ ಗ್ರಾಮ್ ಸ್ಟೇನಿಗೆ ಎಷ್ಟು ಸಲ ನಾನೇ ತೂಗಿದ್ದೇನೆ! ಅಂಗಡಿಯಲ್ಲಿ ಅದು ನೆನಪಿಗೇ ಬರಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. 'ಬಣ್ಣ ಬಂತಲ್ವಾ ಮೇಡಂ, ಇನ್ನೇನು?'

ಬಣ್ಣ ಬಂತಲ್ವಾ ಅಂತೆ! ಡಿಎನ್‌ಎಗೂ ಆರ್‌ಎನ್‌ಎಗೂ ಬೇರೆ ಬೇರೆ ಬಣ್ಣ ಬರಬೇಕು, ಪ್ರಾಕ್ಟಿಕಲ್ ಇರೋದೇ ಅದಕ್ಕೆ ಅಂದೆ. 'ಮಳೆಗಾಲ ಅಲ್ವಾ, ನಿಮ್ಮ ಲ್ಯಾಬಲ್ಲಿ ತೇವ ಹಿಡಿದಿರುತ್ತೆ.' ಹಿಂದಿನ ಸಂಜೆ ತಂದ ಬಾಟಲಿ ಅದು! ಆಗುಂಬೆಯಲ್ಲಿ ಇಟ್ಟಿದ್ದರೂ ಒಂದೇ ರಾತ್ರಿಗೆ ಹೀಗಾಗಲ್ಲ. ದುಡ್ಡು ವಾಪಸ್ ಕೇಳಿದೆ. 'ಓಪನ್ ಮಾಡಿದ್ದು ತಗೊಳ್ಳಲ್ಲ.' ಓಪನ್ ಮಾಡದೆ ಗೊತ್ತಾಗೋದು ಹೇಗೆ? ಆಮೇಲೆ ಫೋನ್ ಎತ್ತಲೇ ಇಲ್ಲ.

ಸೀಲ್ ಇರುವ ಬಾಟಲಿಯನ್ನೇ ಕೇಳಿ. ಲೇಬಲ್ ಮೇಲೆ ಸಿ.ಐ. (ಕಲರ್ ಇಂಡೆಕ್ಸ್) ನಂಬರ್ ನೋಡಿ, ಒಂದೊಂದು ಬಣ್ಣಕ್ಕೂ ಅದರದ್ದೇ ನಂಬರ್ ಇರುತ್ತದೆ. ಮೀಥೈಲ್ ಗ್ರೀನ್ 42585. 42590 ಇದ್ದರೆ ಈಥೈಲ್ ಗ್ರೀನ್, ಅದರಲ್ಲೂ ಕೆಲಸ ನಡೆಯುತ್ತದೆ. 42555 ಕ್ರಿಸ್ಟಲ್ ವಯೊಲೆಟ್. ಪೈರೊನಿನ್ ವೈ ಆದರೆ 45005. ನಂಬರೇ ಇಲ್ಲ ಅಂದರೆ ಮುಟ್ಟಲೇಬೇಡಿ, ಎಷ್ಟೇ ಪರಿಚಯದವರಾಗಲಿ. ಬಿಲ್ ಇಲ್ಲದೆ ಅಂಗಡಿಯಿಂದ ಹೊರಗೆ ಬರಬೇಡಿ, ನಾನು ಬಂದೆ.

ಪ್ರಾಕ್ಟಿಕಲ್ ಮುಂದಿನ ವಾರಕ್ಕೆ ಹೋಗಿದೆ. ನಿನ್ನೆ ಗ್ಲಾಸ್ ಮೇಲೆ ಹೊಸ ಈರುಳ್ಳಿ ಇಟ್ಟಿದ್ದೇನೆ, ಬೇರು ಬಿಡಲಿ ಅಂತ.