ಅಂಗಡಿ ಲೆಕ್ಕ ಕ್ಲೌಡ್‌ನಲ್ಲೋ, ಕೌಂಟರಿನ ಕಂಪ್ಯೂಟರಿನಲ್ಲೋ?

ಮೊದಲೇ ಹೇಳಿಬಿಡುತ್ತೇನೆ: ಸಂಜೆ ಹೊತ್ತಿಗೆ ಕೌಂಟರಿನ ಮುಂದೆ ಜನ ನಿಲ್ಲುವ ಹಾರ್ಡ್‌ವೇರ್, ಎಲೆಕ್ಟ್ರಿಕಲ್, ಪೇಂಟ್ ಅಂಗಡಿಗಳಿಗೆ ನನ್ನ ಆಯ್ಕೆ ಅಂಗಡಿಯಲ್ಲೇ ಇರುವ ಒಂದು ಕಂಪ್ಯೂಟರ್, ಅದರಲ್ಲಿ ಟ್ಯಾಲಿಪ್ರೈಮ್ (ಬಿಲ್ ಹಾಕಿ ಲೆಕ್ಕ ಇಡುವ ಸಾಫ್ಟ್‌ವೇರ್, ಮುಂದೆ ಬರೀ ಟ್ಯಾಲಿ). ಕ್ಲೌಡ್, ಎಂದರೆ ಇಂಟರ್ನೆಟ್ ಮೂಲಕ ಬಳಸುವ ದೂರದ ಸರ್ವರ್, ಬೇಕು, ಆದರೆ ಬ್ಯಾಕಪ್ ಇಡುವುದಕ್ಕೆ. ಬ್ರೌಸರಿನಲ್ಲಿ ತೆರೆಯುವ ಸಾಫ್ಟ್‌ವೇರ್, ಬಾಡಿಗೆ ಸರ್ವರಿನಲ್ಲಿ ಕೂರಿಸಿದ ಟ್ಯಾಲಿ, ಅಂಗಡಿಯ ಕಂಪ್ಯೂಟರಿನ ಟ್ಯಾಲಿ, ಮೂರರಲ್ಲೂ ಬಿಲ್ ಹಾಕಿ ನೋಡಿದ ಮೇಲಿನ ಮಾತಿದು.

ಬ್ರೌಸರ್ ಸಾಫ್ಟ್‌ವೇರ್‌ನಲ್ಲಿ ಅಪ್‌ಡೇಟ್ ಗೊಡವೆ ಇಲ್ಲ. ಆಡಿಟರಿಗೆ ಒಂದು ಲಾಗಿನ್ ಕೊಟ್ಟರೆ ಪೆನ್‌ಡ್ರೈವ್ ಹಿಡಿದು ಓಡಾಡುವುದೂ ತಪ್ಪುತ್ತದೆ. ಪೇಚಾಟ ನೆಟ್ ಹೋದಾಗ. ಕರೆಂಟ್ ಹೋದರೆ ಫೈಬರ್ ಮೋಡೆಮ್ಮಿಗೆ 12 ವೋಲ್ಟ್ ಮಿನಿ ಯುಪಿಎಸ್ ಹಾಕಿ ಸಂಭಾಳಿಸಬಹುದು. ರಸ್ತೆ ಅಗೆಯುವಾಗ ಕೇಬಲ್ಲೇ ತುಂಡಾದರೆ ಮೊಬೈಲ್ ಹಾಟ್‌ಸ್ಪಾಟ್, ಅದೂ ಸಿಗದಿದ್ದರೆ ಕೈಬಿಲ್. ಕೈಬಿಲ್ ಬರೆಯುವಾಗ ನಂಬರಿನ ಬಗ್ಗೆ ಎಚ್ಚರ ಇರಲಿ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ ಸಂಖ್ಯೆ ಕ್ರಮವಾಗಿರಬೇಕು, ಒಂದು ಹಣಕಾಸು ವರ್ಷದೊಳಗೆ ಎರಡು ಸಲ ಬರಬಾರದು, 16 ಅಕ್ಷರ ಮೀರಬಾರದು. ಸಾಫ್ಟ್‌ವೇರಿನ ಕೊನೆಯ ನಂಬರ್ ನೋಡಿಕೊಂಡು ಅದರ ಮುಂದಿನದನ್ನು ಕೈಬಿಲ್ಲಿಗೆ ಬರೆದರೆ, ನೆಟ್ ಬಂದ ಕೂಡಲೇ ಸಾಫ್ಟ್‌ವೇರ್ ಅದೇ ನಂಬರನ್ನು ಇನ್ನೊಬ್ಬ ಗಿರಾಕಿಗೆ ಕೊಡುತ್ತದೆ. ಹಾಗಾಗಿ ‘ಎಂ’ ಅಕ್ಷರದಿಂದ ಶುರುವಾಗುವ ಬೇರೆ ಸರಣಿಯ ಬಿಲ್ ಪುಸ್ತಕ ಅಚ್ಚು ಹಾಕಿಸಿ ಗಲ್ಲಾದಲ್ಲಿಡಿ. ಜಿಎಸ್‌ಟಿಆರ್-1ರ (ಮಾರಾಟದ ವಿವರ ಕೊಡುವ ರಿಟರ್ನ್) 13ನೇ ಕೋಷ್ಟಕದಲ್ಲಿ ಎರಡೂ ಸರಣಿ ತೋರಿಸಿ.

ಹಳೆಯ ಲೆಕ್ಕದ ಪ್ರಶ್ನೆಯೂ ಇದೆ. ಜಿಎಸ್‌ಟಿ ವಾರ್ಷಿಕ ರಿಟರ್ನ್‌ನ ಕೊನೆ ದಿನಾಂಕದಿಂದ 72 ತಿಂಗಳು ದಾಖಲೆ ಇಟ್ಟಿರಬೇಕು. 2023-24ರ ಲೆಕ್ಕ ಎಂದರೆ 2030ರ ಡಿಸೆಂಬರ್‌ವರೆಗೆ. ಬ್ರೌಸರ್ ಸಾಫ್ಟ್‌ವೇರಿನ ಚಂದಾ ನಿಲ್ಲಿಸಿದ ಮೇಲೆ ಆ ಲೆಡ್ಜರ್ (ಖಾತೆ ಪುಸ್ತಕ) ತೆರೆದು ನೋಡಲು ಬಿಡುತ್ತಾರೋ ಇಲ್ಲವೋ ಎನ್ನುವುದನ್ನು ಸೇರುವ ಮೊದಲೇ ಲಿಖಿತವಾಗಿ ಕೇಳಿ.

ಇನ್ನು ಬಾಡಿಗೆ ಸರ್ವರ್. ಕೈ ಪಳಗಿದ ಟ್ಯಾಲಿಯೇ ಸಿಗುತ್ತದೆ, ಮನೆಯಿಂದಲೂ ತೆರೆಯಬಹುದು ಎಂಬುದೇ ಇದರ ಆಕರ್ಷಣೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ (ದೂರದ ಕಂಪ್ಯೂಟರನ್ನು ನಮ್ಮ ಪರದೆಯಲ್ಲಿ ತೆರೆದು ಬಳಸುವ ವಿಂಡೋಸ್ ಸೌಲಭ್ಯ) ಪರದೆ ಹಾಗೆಯೇ ಕಾಣುತ್ತದೆ, ಎಂಟ್ರಿ ಹಾಕುವಾಗ ತಡವರಿಕೆಯೂ ಹೆಚ್ಚಿಲ್ಲ. ಕೈಕೊಡುವುದು ಪ್ರಿಂಟ್.

ಯಾಕೆಂದರೆ ಟ್ಯಾಲಿ ಓಡುವುದು ದೂರದ ಸರ್ವರಿನಲ್ಲಿ, ಪ್ರಿಂಟರ್ ಇರುವುದು ನಿಮ್ಮ ಕೌಂಟರಿನಲ್ಲಿ. ಸರ್ವರಿಗೆ ನಿಮ್ಮ ಥರ್ಮಲ್ ಪ್ರಿಂಟರ್ (ರೋಲ್ ಕಾಗದದ ಬಿಲ್ ಪ್ರಿಂಟರ್) ಕಾಣುವಾಗ ಅದರ ಹೆಸರಿನ ಪಕ್ಕ ‘ರೀಡೈರೆಕ್ಟೆಡ್ 3’ ಎಂಬ ಬಾಲ ಅಂಟಿರುತ್ತದೆ. ಆ 3 ಸೆಷನ್ ಸಂಖ್ಯೆ; ಒಮ್ಮೆ ಲಾಗಿನ್ ಆದಲ್ಲಿಂದ ಹೊರಬರುವವರೆಗಿನ ಬಳಕೆಯೇ ಸೆಷನ್. ಮಧ್ಯಾಹ್ನ ಊಟಕ್ಕೆ ಎದ್ದು ಹೋದಾಗ, ಕೆಲಸವಿಲ್ಲದೆ ಕೂತ ಸೆಷನ್ ಎಂದು ಸರ್ವರ್ ಅದನ್ನು ಮುಚ್ಚಿಬಿಟ್ಟರೆ, ಮತ್ತೆ ಲಾಗಿನ್ ಆಗುವಾಗ ಅದು 5 ಆಗಿರಬಹುದು. ಟ್ಯಾಲಿಯ ನೆನಪಿನಲ್ಲಿರುವುದು ಹಳೆಯ ಹೆಸರು. ಬಿಲ್ ಬೇರೆ ಪ್ರಿಂಟರಿಗೆ ಹೋಗುತ್ತದೆ, ಇಲ್ಲವೇ ಎಲ್ಲಿಗೂ ಹೋಗುವುದಿಲ್ಲ. ಗಿರಾಕಿ ಪೈಪು ಹೆಗಲಿಗೇರಿಸಿಕೊಂಡು ನಿಂತಿರುವಾಗ ನೀವು ಪ್ರಿಂಟ್ ಪರದೆಯ ಕಾನ್ಫಿಗರ್‌ಗೆ ಹೋಗಿ ಪ್ರಿಂಟರ್ ಹುಡುಕಬೇಕು.

ಕಾಗದದ ಅಳತೆ ಇನ್ನೊಂದು ರಗಳೆ. ಸರ್ವರಿನಲ್ಲಿ ಥರ್ಮಲ್ ಪ್ರಿಂಟರಿನ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಇಲ್ಲದಿದ್ದರೆ ವಿಂಡೋಸ್ ತನ್ನ ‘ಈಸಿ ಪ್ರಿಂಟ್’ ಎಂಬ ಸಾಮಾನ್ಯ ಡ್ರೈವರಿನಲ್ಲೇ ಕೆಲಸ ನಡೆಸುತ್ತದೆ. ಅದು 80 ಮಿ.ಮೀ. ರೋಲನ್ನು ಎ4 ಎಂದುಕೊಂಡರೆ ಅಕ್ಷರಗಳು ಇರುವೆಯಷ್ಟಾಗುತ್ತವೆ, ಬಿಲ್ಲಿನ ಕೆಳಗೆ ಮೊಳದುದ್ದ ಖಾಲಿ ಕಾಗದ ಬರುತ್ತದೆ, ಕಟ್ಟರ್ ಕತ್ತರಿಸುವುದಿಲ್ಲ.

ಸರಿಪಡಿಸುವುದಾದರೆ ಈ ಕ್ರಮದಲ್ಲಿ ಮಾಡಿ. ಅಂಗಡಿಯ ಕಂಪ್ಯೂಟರಿನ ಪ್ರಿಂಟರ್ ಸೆಟ್ಟಿಂಗ್‌ನಲ್ಲಿ, ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ಆರಿಸುವ ಆಯ್ಕೆಯನ್ನು ಆಫ್ ಮಾಡಿ, ಥರ್ಮಲ್ ಪ್ರಿಂಟರನ್ನೇ ಡೀಫಾಲ್ಟ್ ಮಾಡಿ. ರಿಮೋಟ್ ಡೆಸ್ಕ್‌ಟಾಪ್ ತೆರೆಯುವ ಮುನ್ನ ‘ಲೋಕಲ್ ರಿಸೋರ್ಸಸ್’ ಟ್ಯಾಬಿನಲ್ಲಿ ಪ್ರಿಂಟರ್ಸ್‌ಗೆ ಟಿಕ್ ಇದೆಯೇ ನೋಡಿ. ಉಳಿದದ್ದು ಸರ್ವರಿನವರ ಕೈಯಲ್ಲಿ: ಅದೇ ಡ್ರೈವರನ್ನು ಅದೇ ಹೆಸರಿನಲ್ಲಿ ಸರ್ವರಿನಲ್ಲೂ ಹಾಕಬೇಕು, ಈಸಿ ಪ್ರಿಂಟ್‌ಗೆ ಮೊದಲ ಆದ್ಯತೆ ಕೊಡುವ ಪಾಲಿಸಿಯನ್ನು (ವಿಂಡೋಸ್ ಸೆಟ್ಟಿಂಗ್) ಆಫ್ ಮಾಡಬೇಕು, ಡೀಫಾಲ್ಟ್ ಪ್ರಿಂಟರ್ ಒಂದನ್ನೇ ರೀಡೈರೆಕ್ಟ್ ಮಾಡುವ, ಎಂದರೆ ಸರ್ವರಿಗೆ ತೋರಿಸುವ, ಪಾಲಿಸಿ ಹಾಕಬೇಕು. ಒಂದೇ ಸರ್ವರಿನಲ್ಲಿ ಹಲವು ಗಿರಾಕಿಗಳನ್ನು ಕೂರಿಸಿದವರು ನಿಮ್ಮೊಬ್ಬರ ಡ್ರೈವರ್ ಹಾಕಲು ಒಪ್ಪದೇ ಇರಬಹುದು. ಆದ್ದರಿಂದ ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ. ಒಂದು ತಿಂಗಳಿಗೆ ತೆಗೆದುಕೊಂಡು, ಬಿಲ್ ಪ್ರಿಂಟ್ ಮಾಡಿ, ಲಾಗ್‌ಆಫ್ ಆಗಿ, ಮತ್ತೆ ಲಾಗಿನ್ ಆಗಿ ಇನ್ನೊಂದು ಪ್ರಿಂಟ್ ತೆಗೆಯಿರಿ. ಎರಡನೆಯದು ಸರಿ ಬಂದರೆ ಮಾತ್ರ ಮುಂದುವರಿಯಿರಿ.

ಬಾಡಿಗೆ ಯಾಕೆ, ಅಂಗಡಿಯ ಕಂಪ್ಯೂಟರನ್ನೇ ಮನೆಯಿಂದ ತೆರೆಯೋಣ ಎಂದು ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ ದಾರಿಯಾದ 3389 ಪೋರ್ಟ್ ತೆರೆದಿಡುವವರಿದ್ದಾರೆ. ದಯವಿಟ್ಟು ಬೇಡ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ್‍ಯಾನ್ಸಮ್‌ವೇರ್‌ನವರು ಮೊದಲು ತಟ್ಟಿ ನೋಡುವ ಬಾಗಿಲುಗಳಲ್ಲಿ ಅದೂ ಒಂದು.

ನನ್ನ ಆಯ್ಕೆಯ ಖರ್ಚು ಹೀಗಿದೆ. ಟ್ಯಾಲಿಯ ಒಬ್ಬರು ಬಳಸುವ ಸಿಲ್ವರ್ ಲೈಸೆನ್ಸಿಗೆ 22,500 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ 26,550. ಅಪ್‌ಡೇಟ್ ಚಂದಾ ವರ್ಷಕ್ಕೆ 4,500, ಜಿಎಸ್‌ಟಿ ಸೇರಿ 5,310. ಚಂದಾ ಕಟ್ಟದ ವರ್ಷವೂ ಬಿಲ್ಲಿಂಗ್ ನಿಲ್ಲುವುದಿಲ್ಲ, ಹಳೆಯ ಲೆಡ್ಜರ್ ತೆರೆಯುತ್ತದೆ. ವ್ಯಾಪಾರ ಬಿದ್ದ ವರ್ಷ ಒಂದು ಖರ್ಚನ್ನು ಮುಂದೂಡಬಹುದು ಎಂಬುದು ಸಣ್ಣ ಅಂಗಡಿಗೆ ದೊಡ್ಡ ವಿಷಯ.

ಜೊತೆಗೆ 600 ವಿಎ ಯುಪಿಎಸ್ ಇರಲೇಬೇಕು. ವೋಚರ್ (ಬಿಲ್, ಪಾವತಿಯಂಥ ಎಂಟ್ರಿ) ಸೇವ್ ಆಗುವ ಹೊತ್ತಿಗೆ ಕರೆಂಟ್ ಹೋದರೆ ಡೇಟಾ ಕೆಡಬಹುದು.

ಬ್ಯಾಕಪ್ ವಿಷಯದಲ್ಲಿ ಬಹಳ ಜನ ಎಡವುವುದು ಒಂದೇ ಕಡೆ: ಟ್ಯಾಲಿಯ ಡೇಟಾ ಫೋಲ್ಡರನ್ನೇ ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್ ಒಳಗೆ ಇಡುತ್ತಾರೆ. ಟ್ಯಾಲಿ ಒಂದೊಂದು ಎಂಟ್ರಿಗೂ ಹಲವು ಫೈಲುಗಳಲ್ಲಿ ಬರೆಯುತ್ತದೆ. ಫೈಲುಗಳನ್ನು ತಾನಾಗಿಯೇ ಕ್ಲೌಡಿಗೆ ನಕಲಿಸುವ ಆ ಸಿಂಕ್ ತಂತ್ರಾಂಶ ಅವುಗಳಲ್ಲಿ ಒಂದರ ಹೊಸ ಪ್ರತಿ, ಇನ್ನೊಂದರ ಹಳೆ ಪ್ರತಿ ಎತ್ತಿಕೊಂಡರೆ ಎರಡಕ್ಕೂ ತಾಳೆಯಾಗುವುದಿಲ್ಲ. ಡೇಟಾ ಹೊರಗೇ ಇರಲಿ. ರಾತ್ರಿ ಅಂಗಡಿ ಮುಚ್ಚುವ ಮುನ್ನ ಆಲ್ಟ್ ಮತ್ತು ವೈ ಒತ್ತಿ, ಬ್ಯಾಕಪ್ ಆರಿಸಿ, ಆ ಬ್ಯಾಕಪ್ ಫೈಲನ್ನು ಮಾತ್ರ ಸಿಂಕ್ ಫೋಲ್ಡರಿಗೆ ಕಳಿಸಿ. ವಾರವಾರದ ಫೋಲ್ಡರ್ ಬೇರೆ ಬೇರೆ ಇರಲಿ, ಹಳೆಯದರ ಮೇಲೆ ಬರೆಯಬೇಡಿ. ವಾರಕ್ಕೊಮ್ಮೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಹಾಕಿ, ಕಿತ್ತು ಮನೆಗೆ ಒಯ್ಯಿರಿ. ಚುಚ್ಚಿಯೇ ಬಿಟ್ಟ ಡಿಸ್ಕ್ ರ್‍ಯಾನ್ಸಮ್‌ವೇರ್ ಬಂದ ದಿನ ಉಳಿಯುವುದಿಲ್ಲ. ತಿಂಗಳಿಗೊಮ್ಮೆ ಬೇರೆ ಖಾಲಿ ಫೋಲ್ಡರಿಗೆ ರಿಸ್ಟೋರ್ ಮಾಡಿ ಬಾಕಿ ಪಟ್ಟಿ ತಾಳೆ ನೋಡಿ. ಇದೇ ಡೇಟಾ ಇರುವ ಫೋಲ್ಡರಿಗೆ ರಿಸ್ಟೋರ್ ಮಾಡಿದರೆ ಇವತ್ತಿನ ಲೆಕ್ಕ ಅಳಿದುಹೋಗುತ್ತದೆ.

ಮನೆಯಿಂದ ಉದ್ರಿ ಬಾಕಿ ನೋಡುವುದಷ್ಟೇ ಬೇಕಿದ್ದರೆ ಚಂದಾ ಇರುವವರಿಗೆ ಬ್ರೌಸರಿನಲ್ಲಿ ವರದಿ ನೋಡುವ ಸೌಲಭ್ಯ ಟ್ಯಾಲಿಯಲ್ಲೇ ಇದೆ. ಅಂಗಡಿಯ ಕಂಪ್ಯೂಟರ್ ಆನ್ ಇದ್ದು ಟ್ಯಾಲಿ ತೆರೆದಿರಬೇಕು.

ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಲೆಕ್ಕ ಬೇರೆ. 2023ರ ಏಪ್ರಿಲ್ 1ರಿಂದ ತಿದ್ದುಪಡಿಗಳ ಜಾಡು ಅಳಿಸಲಾಗದಂತೆ ಉಳಿಸುವ ಸಾಫ್ಟ್‌ವೇರ್ ಕಡ್ಡಾಯ, ಭಾರತದಲ್ಲಿರುವ ಸರ್ವರಿನಲ್ಲಿ ದಿನದಿನದ ಬ್ಯಾಕಪ್ ಕೂಡ ಇರಬೇಕು. ಟ್ಯಾಲಿಯಲ್ಲಿ ಎಡಿಟ್ ಲಾಗ್ ಆವೃತ್ತಿಯನ್ನೇ ಹಾಕಿಸಿ.

ಎರಡು ಮೂರು ಶಾಖೆ ಇರುವವರಿಗೆ, ತಿಂಗಳಿಗೆ ಹತ್ತಿಪ್ಪತ್ತು ಇನ್‌ವಾಯ್ಸ್ ಮಾತ್ರ ಕಳಿಸುವ ಡಿಸೈನರ್, ಕನ್ಸಲ್ಟೆಂಟ್‌ಗಳಿಗೆ ಬ್ರೌಸರ್ ಸಾಫ್ಟ್‌ವೇರೇ ಸರಿ. ಅಲ್ಲಿ ಕೌಂಟರಿನ ಧಾವಂತವಿಲ್ಲ. ಆದರೆ ಖಾತೆ ತೆರೆಯುವಾಗ ಮುಖ್ಯ ಲಾಗಿನ್‌ಗೆ ಮಾಲೀಕರ ಇಮೇಲ್, ಮಾಲೀಕರ ಮೊಬೈಲ್ ನಂಬರೇ ಇರಲಿ. ಅಕೌಂಟೆಂಟ್ ತನ್ನ ನಂಬರ್ ಹಾಕಿ ತೆರೆದುಕೊಟ್ಟ ಖಾತೆಯ ಒಟಿಪಿ, ಆತ ಕೆಲಸ ಬಿಟ್ಟ ಮೇಲೂ ಆತನ ಫೋನಿಗೇ ಹೋಗುತ್ತದೆ. ಪ್ರತಿ ತಿಂಗಳು 20ರಂದು ಜಿಎಸ್‌ಟಿಆರ್-3ಬಿ (ತಿಂಗಳ ತೆರಿಗೆ ಕಟ್ಟುವ ರಿಟರ್ನ್) ಮುಗಿದ ಕೂಡಲೇ ಡೇ ಬುಕ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಿ. ಲಗತ್ತಿಸಿದ ಖರೀದಿ ಬಿಲ್ಲುಗಳ ಚಿತ್ರಗಳು ಎಕ್ಸೆಲ್ ಜೊತೆ ಬರುವುದಿಲ್ಲ, ಅವನ್ನು ಬೇರೆಯಾಗಿಯೇ ಇಳಿಸಬೇಕು.